ಕೊನೆಯ ಸಹಿ ಯಾರದು?

2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಆಸೆ ಉಳಿಯದ, ಯಂತ್ರದ ಬಲದಿಂದಲೇ ಉಸಿರಾಡುತ್ತಿರುವ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬೇಕೆಂದರೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದು ಅದರ ವಿಷಯ. ಪತ್ರಿಕೆಗಳು "ಸಾಯುವ ಹಕ್ಕು" ಎಂದು ದಪ್ಪಕ್ಷರದಲ್ಲಿ ಹಾಕಿದವು. ಎರಡು ದಿನ ಟಿವಿಯಲ್ಲಿ ಚರ್ಚೆಯಾಯಿತು. ಆಮೇಲೆ ಎಲ್ಲರೂ ಮರೆತರು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ನೀರಾವರಿ ಇಲಾಖೆಯಲ್ಲಿ ಸುತ್ತೋಲೆಗಳ ನಡುವೆಯೇ ಬದುಕಿದವನು. ಸುತ್ತೋಲೆ ಬಂದ ಮಾತ್ರಕ್ಕೆ ಕಾಲುವೆಯ ಕೊನೆಯಂಚಿಗೆ ನೀರು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತು. ಈ ಸುತ್ತೋಲೆಯ ನೀರೂ ನಮ್ಮ ಊರುಗಳಿಗೆ ಇನ್ನೂ ಮುಟ್ಟಿಲ್ಲ. ಅದಕ್ಕೇ ಈ ಲೇಖನ.

ನಮ್ಮ ಮನೆಗಳಲ್ಲಿ ಹಿರಿಯರು ಹೋಗುವ ಬಗೆ ನಮ್ಮ ಕಣ್ಣೆದುರೇ ಬದಲಾಗಿದೆ. ನನ್ನ ಅಜ್ಜ ಪಡಸಾಲೆಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ, ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಲಿಂಗೈಕ್ಯರಾದರು. ಆಗ ಅದು ವಿಶೇಷವೇನೂ ಆಗಿರಲಿಲ್ಲ, ಎಲ್ಲರ ಮನೆಯಲ್ಲೂ ಹಾಗೆಯೇ. ಈಗ ಎಂಬತ್ತು ದಾಟಿದವರಿಗೆ ಉಸಿರು ಸಿಕ್ಕಿಕೊಂಡಿತೆಂದರೆ ಆಂಬುಲೆನ್ಸು ಬರುತ್ತದೆ, ಐಸಿಯು ಬಾಗಿಲು ಮುಚ್ಚುತ್ತದೆ. ಒಳಗೆ ಹೋಗುವಾಗ ಕೊರಳಲ್ಲಿದ್ದ ಕರಡಿಗೆಯನ್ನು ಬಿಚ್ಚಿ ಮಗಳ ಕೈಗೆ ಕೊಡುತ್ತಾರೆ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ, ಒಬ್ಬೊಬ್ಬರೇ ಹೋಗಿ ನೋಡಿ ಬರಬೇಕು. ಬಾಯಲ್ಲಿ ಕೊಳವೆ ಇರುವುದರಿಂದ ಅವರು ಮಾತಾಡುವಂತಿಲ್ಲ. ಕೊಳವೆ ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚದ ಸರಳಿಗೆ ಕಟ್ಟಿರುವುದೂ ಉಂಟು. ಕೊನೆಯ ಮಾತು ಏನಿತ್ತೋ, ಅದು ಒಳಗೇ ಉಳಿಯುತ್ತದೆ.

ಇಷ್ಟು ಹೇಳಿ, ವೆಂಟಿಲೇಟರ್ ಎಂದರೆ ಯಮಪಾಶ ಎಂದು ಯಾರೂ ತಿಳಿಯಬಾರದು. ಅದು ನಿಜಕ್ಕೂ ಜೀವ ಉಳಿಸುವ ಯಂತ್ರ. ನಾಗರಹಾವು ಕಚ್ಚಿ ಉಸಿರಾಟದ ಸ್ನಾಯುಗಳು ಸೋತವನು, ಹೊಲಕ್ಕೆ ಹೊಡೆಯುವ ಔಷಧ ಹೊಟ್ಟೆಗೆ ಹೋದವನು, ಗೀಲನ್ ಬಾರೆ ಎಂಬ ನರಗಳ ಕಾಯಿಲೆಯಿಂದ ದಿಢೀರನೆ ಕೈಕಾಲು ಬಿದ್ದುಹೋದ ಹುಡುಗಿ, ಇಂಥವರು ವಾರಗಟ್ಟಲೆ ಯಂತ್ರದ ಮೇಲಿದ್ದು ಆಮೇಲೆ ಎದ್ದು ನಡೆದುಕೊಂಡು ಮನೆಗೆ ಬಂದಿದ್ದಾರೆ. ಯಂತ್ರವು ಶರೀರಕ್ಕೆ ಸಮಯ ಕೊಡುತ್ತದೆ. ಆ ಸಮಯದಲ್ಲಿ ಶರೀರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಬೇಕು. ರಿಪೇರಿ ಆಗುವಂಥ ಶರೀರ ಇದ್ದಾಗ ಅದು ವರದಾನ. ಎಲ್ಲೆಡೆ ಹಬ್ಬಿದ ಕ್ಯಾನ್ಸರಿನ ಕೊನೆಯ ಹಂತದಲ್ಲೋ, ತೊಂಬತ್ತರ ವಯಸ್ಸಿನಲ್ಲಿ ಮೂತ್ರಪಿಂಡ, ಯಕೃತ್ತು, ಹೃದಯ ಒಂದರ ಹಿಂದೊಂದು ಕೈಬಿಟ್ಟಾಗಲೋ, ಅದೇ ಯಂತ್ರ ಕೊಡುವುದು ಸಮಯವನ್ನಲ್ಲ, ಸಾವಿನ ಉದ್ದವನ್ನು. ಈ ಎರಡನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ ಎಂಬುದೇ ಕಷ್ಟದ ಪ್ರಶ್ನೆ. ಅದನ್ನು ಎಳೆಯುವವರು ಯಾರು ಎಂಬುದು ಅದಕ್ಕಿಂತ ಕಷ್ಟದ್ದು.

ನಮ್ಮ ಇಲಾಖೆಯ ಹಳೆಯ ಸಹೋದ್ಯೋಗಿಯೊಬ್ಬರು ಪಾರ್ಶ್ವವಾಯುವಿನಿಂದ ಬಿದ್ದು ನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದರು. ಮಿದುಳಿನಲ್ಲಿ ದೊಡ್ಡ ರಕ್ತಸ್ರಾವ. ಹತ್ತೊಂಬತ್ತು ದಿನ ಯಂತ್ರದ ಮೇಲಿದ್ದರು. ನಾನು ನಾಲ್ಕು ಸಲ ಹೋಗಿ ಬಂದೆ. ಅವರ ಹಿರಿಯ ಮಗ ಊರಲ್ಲಿ ಒಕ್ಕಲುತನ ಮಾಡುವವನು. ಹನ್ನೊಂದನೇ ದಿನ ನನ್ನನ್ನು ಮೂಲೆಗೆ ಕರೆದು, "ಕಾಕಾ, ಅಪ್ಪಾರ ಎದಿ ಇನ್ನೂ ಬಡೀತೈತಿ, ಆ ಟಿವಿಯೊಳಗ ಗೆರಿ ಓಡಾಕತ್ತೈತಿ. ಡಾಕ್ಟರು ಮಿದುಳು ಹೋಗೇತಿ ಅಂತಾರ. ಎದಿ ಬಡಿಯೋದು ಖರೇನೋ, ಅವರು ಹೇಳೋದು ಖರೇನೋ? ನಾ ಹೂಂ ಅಂದ್ರ ನಾನ ಅಪ್ಪನ್ನ ಕೊಂದಂಗ ಆಗೂದಿಲ್ಲೇನ್ರಿ?" ಎಂದ. ಬೆಂಗಳೂರಿನಲ್ಲಿದ್ದ ಕಿರಿಯ ಮಗ ಫೋನಿನಲ್ಲಿ, "ಏನಾದರೂ ಆಗಲಿ, ಎಲ್ಲಾ ಮಾಡ್ರಿ, ದುಡ್ಡಿಗೆ ಯೋಚಿಸಬ್ಯಾಡ್ರಿ" ಎನ್ನುತ್ತಿದ್ದ. ಕಡೆಗೆ ಎರಡೆಕರೆ ಹೊಲದ ಮೇಲೆ ಸಾಲ ತೆಗೆದದ್ದು ಹಿರಿಯವನೇ.

ಆ ಹುಡುಗ ಕೇಳಿದ ಮೊದಲ ಪ್ರಶ್ನೆಗೆ ಎಂಜಿನಿಯರ್ ಆಗಿ ನನಗೆ ತಿಳಿದ ಉತ್ತರ ಕೊಡುತ್ತೇನೆ. ಏತ ನೀರಾವರಿಯಲ್ಲಿ ಪಂಪು ಓಡುತ್ತಿದೆ ಎಂದಾಕ್ಷಣ ಹೊಲಕ್ಕೆ ನೀರು ಹರಿಯುತ್ತಿದೆ ಎಂದು ಹೇಳಲಾಗದು. ಪಂಪ್‌ಹೌಸಿನಲ್ಲಿ ಕುಳಿತವನಿಗೆ ಮೀಟರಿನ ಮುಳ್ಳು ಕಾಣುತ್ತದೆ, ಕಾಲುವೆ ಒಡೆದಿರುವುದು ಕಾಣುವುದಿಲ್ಲ. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ. ಅದರೊಳಗೇ ತಾಳ ಹಾಕುವ ಒಂದು ಗಂಟು ಇದೆ. ಆಮ್ಲಜನಕ ಸಿಗುತ್ತಿರುವವರೆಗೆ ಅದು ಬಡಿಯುತ್ತಿರುತ್ತದೆ. ಉಸಿರಾಟಕ್ಕೆ ಮಾತ್ರ ಮಿದುಳಿನ ಕಾಂಡದ ಆಜ್ಞೆ ಬೇಕು. ಮಿದುಳಿನ ಕಾಂಡ ಸತ್ತ ಮೇಲೆ ಯಂತ್ರ ಗಾಳಿ ಒತ್ತಿದರೆ, ಹೃದಯ ಕೆಲವು ಕಾಲ ತನ್ನ ಪಾಡಿಗೆ ತಾನು ನಡೆಯುತ್ತದೆ. ಪರದೆಯ ಮೇಲಿನ ಗೆರೆ ಸುಳ್ಳಲ್ಲ, ಆದರೆ ಅದು ನಾವು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಇಷ್ಟನ್ನು ಮನೆಯವರನ್ನು ಕೂರಿಸಿ ಹತ್ತು ನಿಮಿಷ ಕನ್ನಡದಲ್ಲಿ ಹೇಳಲು ಅನೇಕ ಆಸ್ಪತ್ರೆಗಳಲ್ಲಿ ಯಾರಿಗೂ ಪುರಸೊತ್ತಿಲ್ಲ. ಸಹಿ ಹಾಕಬೇಕಾದ ಕಾಗದಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ.

ಎರಡನೆಯ ಪ್ರಶ್ನೆ, "ನಾನೇ ಕೊಂದಂತೆ ಆಗುವುದಿಲ್ಲವೇ", ಇದಕ್ಕೆ ಎಂಜಿನಿಯರಿಂಗ್ ಪದವಿ ಸಾಲದು. ಇಲ್ಲಿ ನಮ್ಮ ನಾಡಿನ ಒಬ್ಬ ಹೆಣ್ಣುಮಗಳ ಕಥೆ ನೆನೆಯಬೇಕು.

ಅರುಣಾ ಶಾನಭಾಗ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ಸಿಬ್ಬಂದಿ ನಾಯಿಯ ಸರಪಳಿಯಿಂದ ಅವರ ಕೊರಳು ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ ನಿಂತುಹೋಗಿ ಅವರು ಮತ್ತೆ ಎಚ್ಚರಕ್ಕೆ ಬರಲೇ ಇಲ್ಲ. ಸುಮಾರು 42 ವರ್ಷ ಹಾಗೆಯೇ ಮಲಗಿದ್ದರು. ಪತ್ರಕರ್ತೆ ಪಿಂಕಿ ವಿರಾನಿ ಅವರು, ಈ ಬದುಕು ಬದುಕಲ್ಲ, ಆಹಾರ ಕೊಡುವುದನ್ನು ನಿಲ್ಲಿಸಿ ಆಕೆಗೆ ಮುಕ್ತಿ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಅವರ ಮನಸ್ಸಿನಲ್ಲಿ ಕರುಣೆಯೇ ಇತ್ತು. ಆದರೆ ಕೆ.ಇ.ಎಂ.ನ ದಾದಿಯರು ಅದನ್ನು ಒಪ್ಪಲಿಲ್ಲ. ಆಕೆ ಬಿದ್ದಾಗ ಹುಟ್ಟಿಯೂ ಇರದ ಹುಡುಗಿಯರು, ಒಂದು ತಲೆಮಾರು ನಿವೃತ್ತಿಯಾಗಿ ಇನ್ನೊಂದು ತಲೆಮಾರು ಬಂದವರು, ದಿನವೂ ಉಣಿಸಿ, ಮೈ ಒರೆಸಿ, ಮಗ್ಗುಲು ಬದಲಿಸುತ್ತಿದ್ದರು. ಇಷ್ಟು ವರ್ಷ ಮಲಗಿದ ದೇಹಕ್ಕೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡಿದ್ದರು. ಮನೆಯಲ್ಲಿ ಮೂರು ತಿಂಗಳು ಮಲಗಿದ ಹಿರಿಯರನ್ನು ನೋಡಿಕೊಂಡವರಿಗೆ ಗೊತ್ತು, ಇದೇನು ಸಣ್ಣ ಮಾತಲ್ಲ.

2011ರ ಮಾರ್ಚ್ 7ರಂದು ಬಂದ ತೀರ್ಪು ಎರಡು ಮಾತು ಹೇಳಿತು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಅಪರಾಧವೇ. ಆದರೆ ತಕ್ಕ ಸಂದರ್ಭದಲ್ಲಿ, ಹೈಕೋರ್ಟಿನ ಒಪ್ಪಿಗೆ ಪಡೆದು, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದು. ಇನ್ನೊಂದು, ಅರುಣಾ ಅವರ ವಿಷಯದಲ್ಲಿ ಹಾಗೆ ಕೇಳುವ ಅಧಿಕಾರ ಪಿಂಕಿ ವಿರಾನಿ ಅವರಿಗಿಲ್ಲ. ಆಕೆಯ ಪರವಾಗಿ ಮಾತಾಡಬಲ್ಲ ಆಪ್ತರು ಆಸ್ಪತ್ರೆಯ ಸಿಬ್ಬಂದಿಯೇ, ಅವರು ಬೇಡವೆನ್ನುತ್ತಿದ್ದಾರೆ. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಈ ತೀರ್ಪಿನ ಎರಡನೆಯ ಮಾತು ನನಗೆ ಬಹಳ ದೊಡ್ಡದೆನಿಸುತ್ತದೆ. ಕೋರ್ಟು ರಕ್ತಸಂಬಂಧವನ್ನಾಗಲಿ ಪುಸ್ತಕ ಬರೆದ ಸಂಬಂಧವನ್ನಾಗಲಿ ನೋಡಲಿಲ್ಲ, ಕೈ ಹಚ್ಚಿ ಸೇವೆ ಮಾಡಿದವರು ಯಾರು ಎಂದು ನೋಡಿತು. ಕಾಯಕವೇ ನೆಂಟಸ್ತಿಕೆ ಎಂದು ಅದರ ಅರ್ಥ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಎರಡು ವರ್ಷ ಮಲಮೂತ್ರ ಬಾಚಿದ ಸೊಸೆಯ ಮಾತು ಐಸಿಯು ಬಾಗಿಲಲ್ಲಿ ನಡೆಯುವುದಿಲ್ಲ. ವಿಮಾನ ಹತ್ತಿ ಬರಬೇಕಾದ ಮಗನ ಮಾತು ನಡೆಯುತ್ತದೆ. ದೂರ ಇದ್ದಷ್ಟೂ ದನಿ ಜೋರು. ದೂರದಲ್ಲಿದ್ದವರಿಗೆ ತಾವು ನೋಡಿಕೊಳ್ಳಲಿಲ್ಲವೆಂಬ ಅಳುಕು ಇರುತ್ತದೆ, ಅದನ್ನು ಅವರು ವೆಂಟಿಲೇಟರಿನ ದಿನಬಾಡಿಗೆಯಿಂದ ತೀರಿಸಲು ನೋಡುತ್ತಾರೆ. ಅವರನ್ನು ಹೀಯಾಳಿಸಲು ಹೇಳುತ್ತಿಲ್ಲ. ನಮ್ಮವರ ಮಕ್ಕಳೆಲ್ಲ ಈಗ ದೂರದಲ್ಲೇ ಇದ್ದಾರೆ, ನನ್ನವರೂ ಇದ್ದಾರೆ.

ಕಾನೂನು ಮುಂದೆ ಸಾಗಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಸಂಸ್ಥೆಯ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಎಚ್ಚರವಿರುವಾಗಲೇ ಮುಂಗಡವಾಗಿ ಬರೆದಿಡುವ ವೈದ್ಯಕೀಯ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಮೇಲುರುಜು ಬೇಕೆಂದು ಇಟ್ಟ ಷರತ್ತಿನಿಂದ ಅದು ಕಾಗದದಲ್ಲೇ ಉಳಿಯಿತು. ನಮ್ಮ ದೇಶದ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಚಿಕಿತ್ಸೆ ನಿಲ್ಲಿಸುವುದನ್ನು ತೀರ್ಮಾನಿಸಲು ಎರಡು ಹಂತದ ಮಂಡಳಿ. ಮೊದಲನೆಯದು ಆಸ್ಪತ್ರೆಯದು: ಚಿಕಿತ್ಸೆ ಕೊಡುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇನ್ನಿಬ್ಬರು ತಜ್ಞರು. ಎರಡನೆಯದರಲ್ಲಿ ಬೇರೆ ಮೂವರು, ಅವರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿಗಳ ಕಡೆಯವರು. ಸಾಧ್ಯವಾದಷ್ಟು ನಲವತ್ತೆಂಟು ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಇಚ್ಛಾಪತ್ರದಲ್ಲಿ ಹೆಸರಿಸಿದವರ ಅಥವಾ ಮನೆಯವರ ಒಪ್ಪಿಗೆ ಬೇಕೇ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಚ್ಛಾಪತ್ರ ಇಲ್ಲದವರಿಗೂ ಮನೆಯವರ ಒಪ್ಪಿಗೆಯ ಮೇಲೆ ಇದೇ ದಾರಿ ಇದೆ. ಮಂಡಳಿ ಒಪ್ಪದಿದ್ದರೆ ಹೈಕೋರ್ಟ್ ಇದೆ. ನಮ್ಮ ರಾಜ್ಯದ ಸುತ್ತೋಲೆ ಮಾಡಿದ್ದೇನೆಂದರೆ, ಆ ಸರ್ಕಾರಿ ಪ್ರತಿನಿಧಿ ಯಾರು ಎಂಬ ಕಗ್ಗಂಟು ಬಿಡಿಸಿದ್ದು: ಅಂಗಾಂಗ ಕಸಿಯ 1994ರ ಕಾಯಿದೆಯಡಿ ಮಿದುಳು ಸಾವನ್ನು ದೃಢಪಡಿಸಲು ಈಗಾಗಲೇ ಮಾನ್ಯತೆ ಪಡೆದಿರುವ ನರರೋಗ, ಅರಿವಳಿಕೆ ಮೊದಲಾದ ತಜ್ಞರೇ ಆ ಸ್ಥಾನದಲ್ಲಿ ಕೂರಬಹುದು.

ಈ ಎರಡು ಮಂಡಳಿಯ ಏರ್ಪಾಟು ನನಗೆ ಹಿಡಿಸಿದೆ, ಏಕೆಂದರೆ ಇದು ನಾವು ಬಲ್ಲ ಪದ್ಧತಿ. ಲೋಕೋಪಯೋಗಿಯಲ್ಲಾಗಲಿ ನೀರಾವರಿಯಲ್ಲಾಗಲಿ ಕೆಲಸ ಮಾಡಿದವನೇ ಅಳತೆ ಪುಸ್ತಕ ಬರೆದು, ತಾನೇ ಪರಿಶೀಲಿಸಿ, ತಾನೇ ಬಿಲ್ಲು ಪಾಸು ಮಾಡುವಂತಿಲ್ಲ. ಜೂನಿಯರ್ ಎಂಜಿನಿಯರ್ ಬರೆದ ಅಳತೆಯನ್ನು ಮೇಲಿನವರು ಜಾಗಕ್ಕೆ ಹೋಗಿ ಮರು ಅಳೆಯಬೇಕು. ಹೀಗಿದ್ದೂ ಏನೇನು ನಡೆಯುತ್ತದೆ ಎಂಬುದು ಬೇರೆ ಮಾತು. ಆಸ್ಪತ್ರೆಯಲ್ಲಿ ಮಾತ್ರ ಯಾವ ಪರೀಕ್ಷೆ ಬೇಕು ಎನ್ನುವವರು, ಅದನ್ನು ಮಾಡುವವರು, ಅದಕ್ಕೆ ಬೆಲೆ ಕಟ್ಟುವವರು, ಬಿಲ್ಲು ವಸೂಲು ಮಾಡುವವರು ಒಂದೇ ಸೂರಿನಡಿ ಇದ್ದಾರೆ. ಒಳಗಿನ ವೈದ್ಯರು ಎಷ್ಟೇ ಸಜ್ಜನರಿರಲಿ, ಆ ವ್ಯವಸ್ಥೆಯಲ್ಲಿ ಹಾಸಿಗೆ ಖಾಲಿಯಾಗುವುದು ನಷ್ಟ. ಅದರಿಂದಲೇ ಹೊರಗಿನ ಒಬ್ಬರ ಕಣ್ಣು ಬೀಳಬೇಕು ಎನ್ನುವುದು. ಇದರಲ್ಲಿ ವೈದ್ಯರಿಗೆ ಅವಮಾನವೇನಿಲ್ಲ, ರಕ್ಷಣೆ ಇದೆ. ಅವರ ಭಯವೂ ನಿಜವಾದದ್ದೇ. ಯಂತ್ರ ತೆಗೆಯಿರಿ ಎಂದ ಮನೆಯವರೇ ನಾಳೆ ಪೊಲೀಸ್ ಠಾಣೆಗೆ ಹೋಗಬಹುದು, ಗ್ರಾಹಕರ ವೇದಿಕೆಗೆ ಹೋಗಬಹುದು, ಹತ್ತು ಜನರನ್ನು ಕರೆತಂದು ಗಾಜು ಒಡೆಯಬಹುದು. ಆದ್ದರಿಂದ ವೈದ್ಯರು ಸುರಕ್ಷಿತವಾದ ದಾರಿ ಹಿಡಿಯುತ್ತಾರೆ: ಎಲ್ಲವನ್ನೂ ಮಾಡುತ್ತ ಹೋಗುವುದು.

ಈ ಭಯದಿಂದ ಹುಟ್ಟಿದ ಇನ್ನೊಂದು ದಾರಿ ಇದೆ. ಅದನ್ನು ನಮ್ಮ ಕಡೆ "ಬರೆದುಕೊಟ್ಟು ಬಂದ್ವಿ" ಎನ್ನುತ್ತಾರೆ. ಮನೆಯವರ ಕೈಯಲ್ಲಿ ದುಡ್ಡು ಮುಗಿದಾಗ, "ವೈದ್ಯರ ಸಲಹೆಗೆ ವಿರುದ್ಧವಾಗಿ ನಮ್ಮ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ" ಎಂದು ಸಹಿ ಮಾಡಿಸಿಕೊಂಡು ಬಿಡುತ್ತಾರೆ. ಆಂಬುಲೆನ್ಸಿನಲ್ಲಿ ಮೊಮ್ಮಗ ರಬ್ಬರಿನ ಗಾಳಿಚೀಲ ಒತ್ತುತ್ತಾ ಕೂರುತ್ತಾನೆ. ಊರು ಮುಟ್ಟಿದ ಮೇಲೆ, ಹಿರಿಯರು ಬಂದು ನೋಡಿದ ಮೇಲೆ, ಕೈ ನಿಲ್ಲಿಸು ಎನ್ನುತ್ತಾರೆ. ಕಾಗದದ ಮೇಲೆ ಇದು ರೋಗಿಯ ಕಡೆಯವರ ತಪ್ಪು. ನಿಜದಲ್ಲಿ ಎರಡು ಮಂಡಳಿ, ಆರು ವೈದ್ಯರು ಹಂಚಿಕೊಳ್ಳಬೇಕಾದ ಹೊಣೆಯನ್ನು ಒಬ್ಬ ಹದಿನೆಂಟರ ಹುಡುಗನ ಕೈಗೆ ಕೊಟ್ಟಂತೆ. ಆ ಹುಡುಗ ಅದನ್ನು ಬದುಕಿಡೀ ಹೊರುತ್ತಾನೆ. ಹೊರಡುವಾಗ ನೋವಿಗೆ ಒಂದು ಮಾತ್ರೆ, ಕಫ ತೆಗೆಯುವ ಉಪಾಯ, ಬಾಯಿ ಒಣಗಿದರೆ ಏನು ಮಾಡಬೇಕೆಂಬ ಒಂದು ಮಾತು, ಯಾವುದೂ ಸಿಕ್ಕಿರುವುದಿಲ್ಲ. ಬಡವರ ಮನೆಯಲ್ಲಿ ಚಿಕಿತ್ಸೆ ನಿಲ್ಲಿಸುವುದು ದಿನವೂ ನಡೆದೇ ಇದೆ. ಅದು ಬಿಲ್ಲಿನ ತೀರ್ಮಾನದಂತೆ ನಡೆಯುತ್ತಿದೆ, ಧರ್ಮದ ತೀರ್ಮಾನದಂತೆ ಅಲ್ಲ.

ಈಗ ವಿರೋಧದ ಮಾತನ್ನೂ ಕೇಳೋಣ. ಈ ವಿಷಯ ನಮ್ಮ ಬಸವ ಸಮಿತಿಯ ವಾರದ ಗೋಷ್ಠಿಯಲ್ಲಿ ಎತ್ತಿದಾಗ ಒಬ್ಬ ತಾಯಿ ಎದ್ದು ನಿಂತು, "ಅಣ್ಣಾ, ಇವತ್ತು ಯಂತ್ರ ತೆಗೀರಿ ಅಂತೀರಿ, ನಾಳೆ ಅನ್ನ ತೆಗೀರಿ ಅಂತಾರ. ಮುದುಕರು ಮನಿಗೆ ಭಾರ ಆಗ್ಯಾರ ಅನ್ನೋದನ್ನ ನೀವು ಕಾನೂನು ಮಾಡಿ ಕೊಟ್ಟಂಗ ಆಗ್ತೈತಿ" ಎಂದರು. ಅವರ ಮಾತಿಗೆ ಸಭೆಯಲ್ಲಿ ಬಹಳ ಹೊತ್ತು ಉತ್ತರ ಬರಲಿಲ್ಲ. ಆಸ್ತಿ ಭಾಗದ ಜಗಳ ಇರುವ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಹೆಣ್ಣುಮಕ್ಕಳ ಚಿಕಿತ್ಸೆಗೆ ಗಂಡಸರ ಚಿಕಿತ್ಸೆಯಷ್ಟು ಹೊಲ ಅಡವಿಡುವುದಿಲ್ಲ ಎಂಬುದೂ ಗೊತ್ತು. ಮಾತು ಬಾರದ, ಬುದ್ಧಿ ಬೆಳೆಯದ ಮಕ್ಕಳ ತಂದೆತಾಯಿಗಳಿಗೆ "ಘನತೆಯಿಲ್ಲದ ಬದುಕು" ಎಂಬ ಮಾತೇ ಮೈ ನಡುಗಿಸುತ್ತದೆ. ನನ್ನ ಉತ್ತರ ಇಷ್ಟೇ. ಭಾರ ಎಂಬ ಮಾತು ತೀರ್ಮಾನದೊಳಗೆ ನುಸುಳಬಾರದೆಂದರೆ, ತೀರ್ಮಾನವನ್ನು ಭಾರ ಹೊರುವವರ ಕೈಗೂ ಬಿಲ್ಲು ಮಾಡುವವರ ಕೈಗೂ ಬಿಡದೆ, ಯಾರ ಶರೀರವೋ ಅವರೇ ಮೊದಲು ಹೇಳಿರಬೇಕು. ಮನೆಯವರಿಗೆ ಮಂಡಳಿ ಕೇಳಬೇಕಾದ ಪ್ರಶ್ನೆ "ನಿಮಗೇನು ಬೇಕು" ಎಂಬುದಲ್ಲ. "ಅವರು ಮಾತಾಡುವಂತಿದ್ದರೆ ಏನೆನ್ನುತ್ತಿದ್ದರು?" ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ಅಂತರವಿದೆ ಎಂಬುದು ಕೇಳಿ ನೋಡಿದರೆ ತಿಳಿಯುತ್ತದೆ. ಇಷ್ಟಾದರೂ ಆ ತಾಯಿಯ ಅಂಜಿಕೆ ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ಪ್ರತಿ ಮಂಡಳಿಯಲ್ಲೂ ಆ ಅಂಜಿಕೆ ಒಂದು ಕುರ್ಚಿ ಹಾಕಿಕೊಂಡು ಕುಳಿತಿರಬೇಕು.

ಇನ್ನು ಕೆಲವರು ಇದನ್ನು ಜೈನರ ಸಲ್ಲೇಖನದೊಂದಿಗೆ ಸೇರಿಸಿ ಮಾತಾಡುತ್ತಾರೆ. ಅದು ಬೇರೆ. ಅದು ಎಚ್ಚರವಿರುವ ಸಾಧಕರು ತಾವೇ ಕೈಗೊಳ್ಳುವ ವ್ರತ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ನಮ್ಮ ಪ್ರಶ್ನೆ ವ್ರತದ್ದಲ್ಲ, ಕೊಳವೆಯದು.

ನಮ್ಮ ಪರಂಪರೆಯಲ್ಲೇ ಇತ್ತೀಚಿನ ಎರಡು ಉದಾಹರಣೆ ಇವೆ. ಸಿದ್ಧಗಂಗೆಯ ಪೂಜ್ಯ ಶಿವಕುಮಾರ ಸ್ವಾಮಿಗಳು 2018ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಶಸ್ತ್ರಚಿಕಿತ್ಸೆ ಪಡೆದರು. ನೂರಾಹನ್ನೊಂದರ ವಯಸ್ಸಿನಲ್ಲೂ ಆಧುನಿಕ ವೈದ್ಯವನ್ನು ಅವರು ಬೇಡವೆನ್ನಲಿಲ್ಲ. ಆದರೆ ಜನವರಿಯ ಮಧ್ಯದಲ್ಲಿ ಆಸ್ಪತ್ರೆಯಿಂದ ಮಠಕ್ಕೇ ಮರಳಿದರು. ಚಿಕಿತ್ಸೆ ಅಲ್ಲಿ ಮುಂದುವರಿಯಿತು. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರು ತಮ್ಮ ಮಕ್ಕಳ ಪ್ರಾರ್ಥನೆ ಕೇಳುವಷ್ಟು ಹತ್ತಿರದಲ್ಲಿದ್ದರು. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಆಶ್ರಮದಲ್ಲೇ ದೇಹ ಬಿಟ್ಟರು. ಆಸ್ಪತ್ರೆಗೆ ಸಾಗಿಸುವುದು ಅವರಿಗೆ ಬೇಡವಾಗಿತ್ತು. ಅದಕ್ಕಿಂತ ದೊಡ್ಡ ವಿಷಯವೆಂದರೆ 2014ರ ಗುರುಪೂರ್ಣಿಮೆಯಂದೇ ಅವರು ಅಂತಿಮ ಅಭಿವಂದನ ಪತ್ರ ಬರೆದಿಟ್ಟಿದ್ದರು. ದೇಹವನ್ನು ಮಣ್ಣಿಗಿಡುವ ಬದಲು ಅಗ್ನಿಗೆ ಅರ್ಪಿಸಿ, ಸ್ಮಾರಕ ಕಟ್ಟಬೇಡಿ ಎಂದು ಅದರಲ್ಲಿತ್ತು. ಲಕ್ಷಾಂತರ ಭಕ್ತರಿಗೆ ಬೇರೆ ಆಸೆಗಳಿದ್ದವು. ಆದರೂ ಯಾರಲ್ಲೂ ಜಗಳ ಹುಟ್ಟಲಿಲ್ಲ, ಏಕೆಂದರೆ ಕಾಗದ ಇತ್ತು. ಎಂಟೂವರೆ ವರ್ಷ ಮೊದಲೇ, ಆರೋಗ್ಯವಾಗಿದ್ದಾಗಲೇ ಬರೆದ ಕಾಗದ. ಒಬ್ಬರು ಚಿಕಿತ್ಸೆ ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಇಬ್ಬರ ಇಚ್ಛೆಯೂ ಸುತ್ತಲಿನವರಿಗೆ ತಿಳಿದಿತ್ತು. ನಾನು ಗಮನಿಸಿದ್ದು ಅದನ್ನೇ.

ನಮ್ಮ ಮನೆಗಳಲ್ಲಿ ಮಾತ್ರ ಈ ಮಾತು ಎತ್ತಿದರೆ "ಅಪಶಕುನ ನುಡಿಯಬ್ಯಾಡ್ರಿ" ಎನ್ನುತ್ತಾರೆ. ಹೊಲದ ವಾಟ್ನಿ ಪತ್ರ ಮಾಡಲು ಅಪಶಕುನವಿಲ್ಲ! ಇನ್ನೂ ಬೇಸರದ ಸಂಗತಿ ಹೇಳುತ್ತೇನೆ. ಐಸಿಯು ವೈದ್ಯರಾದ ಪರಿಚಯದವರೊಬ್ಬರು ಹೇಳಿದ್ದು: ಅಮಾವಾಸ್ಯೆ ಮುಗಿಯಲಿ, ಧನಿಷ್ಠಾ ಪಂಚಕ ಕಳೆಯಲಿ, ಅಲ್ಲಿಯವರೆಗೆ ಯಂತ್ರ ಇರಲಿ ಎಂದು ಕೇಳುವ ಮನೆಗಳು ಇವೆಯಂತೆ, ಅವುಗಳಲ್ಲಿ ಹಣೆಯ ಮೇಲೆ ವಿಭೂತಿ ಇರುವವರೂ ಇದ್ದಾರಂತೆ. ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದ ಶರಣರ ಹೆಸರು ಹೇಳುವವರು, ಪಂಚಾಂಗ ನೋಡಿ ಅಪ್ಪನ ಉಸಿರನ್ನು ಮೂರು ದಿನ ಎಳೆಸುತ್ತಾರೆ ಎಂದರೆ, ಮಠಗಳಲ್ಲಿ ನಾವು ಇಷ್ಟು ವರ್ಷ ಕೇಳಿದ ಪ್ರವಚನ ಎಲ್ಲಿ ಸೋರಿಹೋಯಿತು?

ಯಂತ್ರ ತೆಗೆಯುವುದು ಒಂದು ಭಾಗ. ತೆಗೆದ ಮೇಲೆ ಏನು ಎಂಬುದು ಇನ್ನೊಂದು. ಅದರ ಬಗ್ಗೆ ಬಹಳ ಕಡಿಮೆ ಮಾತು ನಡೆಯುತ್ತಿದೆ. ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವು, ಏದುಸಿರು, ವಾಂತಿ, ಗಾಬರಿ, ಹುಣ್ಣು, ಇವನ್ನು ತಗ್ಗಿಸುವ ಶಾಸ್ತ್ರವೇ ಇದೆ, ಉಪಶಾಮಕ ಆರೈಕೆ ಎಂದು. ಕ್ಯಾನ್ಸರಿನ ಕಡು ನೋವಿಗೆ ಮಾರ್ಫಿನ್ ಮಾತ್ರೆ ಅಗ್ಗದ್ದು. ಅದಕ್ಕೆ ಬೇಕಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಬೆಳೆಯುತ್ತಾರೆ. ಆದರೆ 1985ರ ಮಾದಕ ದ್ರವ್ಯ ಕಾಯಿದೆಯ ಕಟ್ಟುಪಾಡುಗಳಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಬೆಳೆದ ನಾಡಿನಲ್ಲೇ ರೋಗಿಗಳು ನೋವಿನಿಂದ ಕಿರುಚುತ್ತ ಸತ್ತರು. 2014ರಲ್ಲಿ ಕಾಯಿದೆಗೆ ತಿದ್ದುಪಡಿ ಮಾಡಿ ದಾರಿ ಸುಗಮಗೊಳಿಸಿದರು. ಹತ್ತು ವರ್ಷ ಕಳೆದರೂ ಎಷ್ಟೋ ತಾಲೂಕುಗಳಲ್ಲಿ ಆ ಮಾತ್ರೆ ಸಿಗುವುದಿಲ್ಲ. ಡ್ಯಾಮು ಕಟ್ಟಿ ಹೊಲಗಾಲುವೆ ತೋಡದೆ ಬಿಟ್ಟಂತೆ.

ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕ್ಲಿನಿಕ್ಕಿನಿಂದ ಶುರುವಾದ ಕೆಲಸ ಈಗ ಊರೂರಿಗೆ ಹಬ್ಬಿದೆ. ಅಲ್ಲಿನ ವಿಶೇಷವೆಂದರೆ ವೈದ್ಯರಿಗಿಂತ ಹೆಚ್ಚಾಗಿ ತರಬೇತಿ ಪಡೆದ ಊರಿನವರೇ, ಅಂಗಡಿಯವರು, ಮಾಸ್ತರರು, ಗೃಹಿಣಿಯರು, ವಾರಕ್ಕಿಷ್ಟು ತಾಸು ಕೊಟ್ಟು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. 2008ರಲ್ಲೇ ಆ ರಾಜ್ಯ ಇದಕ್ಕೊಂದು ನೀತಿ ರೂಪಿಸಿತು. ನಮ್ಮಲ್ಲೂ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆ ಇದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಆದರೆ ಬೀದರಿನ, ಯಾದಗಿರಿಯ ರೋಗಿ ಅಲ್ಲಿಗೆ ಹೋಗುವುದು ಹೇಗೆ?

ಇಲ್ಲಿ ನಾನು ನಮ್ಮ ಸಮಾಜಕ್ಕೇ ನೇರವಾಗಿ ಕೇಳಬೇಕು. ಕರ್ನಾಟಕದಲ್ಲಿ ಆಸ್ಪತ್ರೆ, ಮೆಡಿಕಲ್ ಕಾಲೇಜು ಎಂದರೆ ಅದರಲ್ಲಿ ನಮ್ಮ ಮಠಗಳ, ನಮ್ಮ ವಿದ್ಯಾಸಂಸ್ಥೆಗಳ ಪಾಲು ಎಷ್ಟು ದೊಡ್ಡದೆಂಬುದು ಓದುಗರಿಗೆ ಗೊತ್ತು. ಮೈಸೂರು, ತುಮಕೂರು, ದಾವಣಗೆರೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಎಲ್ಲ ಕಡೆ ಇವೆ. ಆದ್ದರಿಂದ ಇದು ಬೇರೆ ಯಾರದೋ ಆಸ್ಪತ್ರೆಯ ಬಗ್ಗೆ ದೂರುವ ವಿಷಯವಲ್ಲ. ದಾಸೋಹ ಎಂದರೆ ಅನ್ನ, ಅಕ್ಷರ ಎಂದು ಹೇಳುತ್ತ ಬಂದಿದ್ದೇವೆ, ಮಾಡಿಯೂ ತೋರಿಸಿದ್ದೇವೆ. ಈ ಸಂಸ್ಥೆಗಳ ಪ್ರತಿ ಆಸ್ಪತ್ರೆಯಲ್ಲಿ ಮೊದಲ ಹಂತದ ಮಂಡಳಿ ರಚನೆಯಾಗಿದೆಯೇ? ಐಸಿಯುಗೆ ಸೇರಿಸುವ ದಿನವೇ, "ಐದು ದಿನ ಪ್ರಯತ್ನಿಸೋಣ, ಆಮೇಲೆ ಕೂತು ಮತ್ತೆ ನೋಡೋಣ" ಎಂದು ಗಡುವು ಹಾಕಿ ಮಾತಾಡುವ ಪದ್ಧತಿ ತರಬಹುದಲ್ಲವೇ? ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬಹುದಲ್ಲವೇ? ಹತ್ತು ಹಾಸಿಗೆಯ ಒಂದು ಉಪಶಾಮಕ ವಾರ್ಡು, ಅದರಲ್ಲಿ ಇಷ್ಟಲಿಂಗವನ್ನು ಬಿಚ್ಚಿಸದೆ, ಮನೆಯವರನ್ನು ಹೊರಗೆ ಅಟ್ಟದೆ ಇಟ್ಟುಕೊಳ್ಳುವ ಏರ್ಪಾಟು, ಇದಕ್ಕೆ ಕೋಟಿಗಟ್ಟಲೆ ಯಂತ್ರಗಳೇನೂ ಬೇಡ. ಪಕ್ಕದಲ್ಲೇ ನರ್ಸಿಂಗ್ ಕಾಲೇಜುಗಳಿವೆ, ಓದುವ ಮಕ್ಕಳಿದ್ದಾರೆ. ಹಳ್ಳಿಗಳಲ್ಲಿ ಅಕ್ಕನ ಬಳಗಗಳಿವೆ. ಮಗ್ಗುಲು ಬದಲಿಸುವುದು, ಹುಣ್ಣು ತೊಳೆಯುವುದು, ಮೂಗಿನ ಕೊಳವೆಯಲ್ಲಿ ಗಂಜಿ ಕೊಡುವುದು ಕಲಿಸಿದರೆ ಆ ತಾಯಂದಿರು ಯಾವ ತಜ್ಞರಿಗೂ ಕಡಿಮೆಯಾಗರು.

ಇಚ್ಛಾಪತ್ರದ ಬಗ್ಗೆ ವ್ಯವಹಾರದ ಮಾತು ಒಂದಿಷ್ಟು. ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. "ನನಗೆ ಏನೂ ಬೇಡ" ಎಂದು ಒಂದೇ ಸಾಲು ಗೀಚಿದರೆ ಉಪಯೋಗವಿಲ್ಲ. ಯಾವ ಸ್ಥಿತಿಯಲ್ಲಿ, ಯಾವುದು ಬೇಡ, ಯಾವುದು ಬೇಕು ಎಂದು ಬಿಡಿಸಿರಬೇಕು. ಗುಣವಾಗುವ ಕಾಯಿಲೆಗೆ ಯಂತ್ರ ಬೇಡವೆಂದು ನಾನಂತೂ ಬರೆಯಲಾರೆ. ನಿಮ್ಮ ಪರವಾಗಿ ಮಾತಾಡಬೇಕಾದವರ ಹೆಸರು ಇರಬೇಕು, ಒಬ್ಬರಿಗಿಂತ ಹೆಚ್ಚಿದ್ದರೆ ಒಳ್ಳೆಯದು. ನನ್ನ ಸಲಹೆ ಕೇಳಿದರೆ ಅವರಲ್ಲಿ ಒಬ್ಬರಾದರೂ ನಿಮ್ಮ ಜತೆ ಒಂದೇ ಮನೆಯಲ್ಲಿ ಇರುವವರಾಗಿರಲಿ. ಸಾಕ್ಷಿಗಳು ನಿಮ್ಮ ಆಸ್ತಿಯಲ್ಲಿ ಪಾಲಿಲ್ಲದವರಾದರೆ ಮುಂದೆ ಮಾತು ಬರುವುದಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು. ಪ್ರತಿಯನ್ನು ಹೆಸರಿಸಿದವರಿಗೂ ಮನೆವೈದ್ಯರಿಗೂ ಕೊಡಬೇಕು. ಪೇಟಿಯ ತಳದಲ್ಲಿ ಬಂಗಾರದ ಕೆಳಗೆ ಇಟ್ಟರೆ ಸಿಗುವುದು ಕ್ರಿಯಾಸಮಾಧಿ ಮುಗಿದ ಮೇಲೆ. ಸ್ಥಳೀಯ ಸಂಸ್ಥೆಯಲ್ಲಿ ಇದನ್ನು ಕಾಯ್ದಿಡುವ ಅಧಿಕಾರಿಗೂ ಒಂದು ಪ್ರತಿ ಹೋಗಬೇಕು ಎಂದು ಕೋರ್ಟು ಹೇಳಿದೆ.

ಮಠಗಳಲ್ಲಿ ಶರಣ ಸಂಗಮ, ಶಿವಾನುಭವ ಗೋಷ್ಠಿ ನಡೆಯುವ ದಿನ ರಕ್ತದಾನದ ಮೇಜು, ಕಣ್ಣಿನ ತಪಾಸಣೆಯ ಮೇಜು ಇರುತ್ತದೆ. ಅದರ ಪಕ್ಕ ಇನ್ನೊಂದು ಮೇಜು ಹಾಕಿಸಬಹುದು. ಒಬ್ಬ ನೋಟರಿ, ಒಬ್ಬ ವೈದ್ಯರು, ಕನ್ನಡದಲ್ಲಿ ಅಚ್ಚಾದ ನಮೂನೆ. ನಮ್ಮಂಥ ನಿವೃತ್ತ ನೌಕರರಿಗೆ ನಮೂನೆ ತುಂಬಿಸುವ ಕಲೆ ಚೆನ್ನಾಗಿ ಬರುತ್ತದೆ, ಆ ಕಾಯಕ ನಾವು ಮಾಡುತ್ತೇವೆ. ಗದ್ದುಗೆಯ ಮೇಲಿನ ಪೂಜ್ಯರು ಮೊದಲ ನಮೂನೆಗೆ ಎಲ್ಲರೆದುರು ತಾವೇ ಸಹಿ ಮಾಡಿದರೆ ಅಪಶಕುನದ ಮಾತು ಅರ್ಧ ಹೋಗುತ್ತದೆ.

ನಾನೂ ನನ್ನ ಮನೆಯವರೂ ಕಳೆದ ಶ್ರಾವಣದಲ್ಲಿ ನಮ್ಮ ಪತ್ರಗಳನ್ನು ಮಾಡಿಸಿದೆವು. ಮಕ್ಕಳೊಂದಿಗೆ ಎರಡು ತಾಸು ಮಾತಾದ ಮೇಲೆಯೇ. ಮಗಳು ಮೊದಲು ಎದ್ದು ಹೋದಳು, ಆಮೇಲೆ ಬಂದು ಕುಳಿತಳು. ನನ್ನವಳು ತನ್ನ ಪತ್ರದಲ್ಲಿ ನನಗೆ ಹೊಳೆಯದ ಒಂದು ಕಲಮು ಸೇರಿಸಿದ್ದಾಳೆ: ಎಚ್ಚರವಿರಲಿ, ಇಲ್ಲದಿರಲಿ, ಯಾವ ವಾರ್ಡಿನಲ್ಲೇ ಇರಲಿ, ನನ್ನ ಕೊರಳಿನ ಲಿಂಗ ತೆಗೆಯಬಾರದು, ವೈದ್ಯಕೀಯವಾಗಿ ತೆಗೆಯಲೇಬೇಕಾದರೆ ನನ್ನ ಅಂಗೈಯಲ್ಲಿ ಕಟ್ಟಬೇಕು. ನೋಟರಿ ಅದನ್ನು ಓದಿ, ಇದು ನಮೂನೆಯಲ್ಲಿಲ್ಲವಲ್ಲ ಅಮ್ಮಾ ಎಂದರು. ಹಾಗಾದರೆ ಸೇರಿಸಿಕೊಳ್ಳಿ ಎಂದಳು. ಅವರು ಸೇರಿಸಿಕೊಂಡು ಮುದ್ರೆ ಒತ್ತಿದರು.